ಹೆಣ್ಣು ತೋರಿಸಲು ಹಳೇಬೀಡಿಗೆ

ಅರಸೀಕೆರೆಯ ನಮ್ಮ ಬೀದಿಯಲ್ಲಿ ಹೆಣ್ಣು ನೋಡಲು ಗಂಡಿನವರು ಬಂದರೆ, ಅವರು ಚಪ್ಪಲಿ ಬಿಡುವ ಮೊದಲೇ ಎದುರು ಮನೆಯ ಕಿಟಕಿಗಳು ತೆರೆದುಕೊಳ್ಳುತ್ತವೆ. ಸಂಬಂಧ ಕೂಡಿಬರದಿದ್ದರಂತೂ ಸಂಜೆಯೊಳಗೆ ಸಂತೆಗೆಲ್ಲ ಸುದ್ದಿ. ಹಾಗಾಗಿ ಮಗಳ ಸರದಿ ಬಂದಾಗ ನನ್ನ ಹೆಂಡತಿ ಒಂದು ಉಪಾಯ ಹೂಡಿದಳು: ಎರಡೂ ಮನೆಯವರು ಸೇರಿ ಬೇಲೂರು, ಹಳೇಬೀಡು ನೋಡಿ ಬರುವುದು. ಕೇಳಿದವರಿಗೆ ಟ್ರಿಪ್ಪು. ಒಪ್ಪಿಗೆಯಾದರೆ ಆಮೇಲೆ ಮನೆಯಲ್ಲಿ ಶಾಸ್ತ್ರ. ಆಗದಿದ್ದರೆ ಶಿಲ್ಪಕಲೆಯನ್ನಾದರೂ ನೋಡಿದ ಹಾಗಾಯಿತು.

ಮಗಳದು ಒಂದೇ ಷರತ್ತು. "ಹುಡುಗನ ಜೊತೆ ನಾನೊಬ್ಬಳೇ ಮಾತಾಡ್ಬೇಕು. ಮಾತಾಡ್ದೆ ಹೂಂ ಅನ್ನಲ್ಲ."

ಹುಡುಗ ಹುಡುಗಿ ಫೋನಿನಲ್ಲಿ ಮಾತಾಡಿಕೊಳ್ಳುವ ಕಾಲ ನಮ್ಮ ಕಡೆ ಆಗಿನ್ನೂ ಬಂದಿರಲಿಲ್ಲ. ಗಂಡಿನವರು ದಾವಣಗೆರೆಯಿಂದ ಬೆಳಗಿನ ರೈಲಿಗೆ ಬಂದು ಸಂಜೆಯ ರೈಲಿಗೆ ಹೊರಡುವವರು. ಅಷ್ಟರೊಳಗೆ ಆ ಮಾತು ಮುಗಿಯಬೇಕಿತ್ತು.

ಮುಗಿಯುವುದಿರಲಿ, ಶುರುವಾಗದಂತೆ ನೋಡಿಕೊಂಡವನು ನಾನೇ. ಬಾಡಿಗೆ ವ್ಯಾನಿನಲ್ಲಿ ಹುಡುಗನ ಪಕ್ಕದಲ್ಲಿ ನಾನೇ ಕೂತೆ. ನಾನು ಕೊಬ್ಬರಿ ಮಂಡಿಯವನು, ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡುವುದು ಅಭ್ಯಾಸ. ದಾರಿಯುದ್ದಕ್ಕೂ ಅವನನ್ನೂ ಅಲ್ಲಾಡಿಸಿದೆ. ಕೆಲಸ ಕಾಯಂ ತಾನೇ? ರಾತ್ರಿ ಹೊತ್ತು ಸ್ಕೂಟರ್ ಓಡಿಸ್ತೀರಾ? ಬೇಲೂರಿನಲ್ಲಿ ಇಬ್ಬರೂ ಒಂದು ಮದನಿಕೆಯ ಕೆಳಗೆ ನಿಂತರೆ, ಬಿಸಿಲು ಬಡಿದೀತೆಂದು ಕೊಡೆ ಬಿಚ್ಚಿ ನಡುವೆ ನಿಂತೆ. ಮಗಳು ಶಿಲ್ಪ ನೋಡಲು ತಲೆ ಎತ್ತಿದಳು. ಕಂಡದ್ದು ನನ್ನ ಕೊಡೆ.

ಹೆಂಡತಿ ತೋಳು ಹಿಡಿದು ಪಕ್ಕಕ್ಕೆಳೆದಳು. "ರೀ, ಆ ಹುಡುಗನ್ನ ಮದ್ವೆ ಆಗೋರು ನೀವಾ?"

"ಅಲ್ಲ ಕಣೇ, ಏನಾದ್ರೂ ಎಡವಟ್ಟಾದ್ರೆ..."

"ಎಡವಟ್ಟು ಕೊಡೆ ಹಿಡ್ಕೊಂಡು ಇಲ್ಲೇ ನಿಂತಿದೆಯಲ್ಲ!"

ಹಳೇಬೀಡಿನಲ್ಲಿ ಅವಳು ಗೈಡಿನ ಕಿವಿಯಲ್ಲಿ ಏನೋ ಊದಿದಳು. ಅವನು ನಮ್ಮೆಲ್ಲರನ್ನೂ ಪಕ್ಕದ ಬಸ್ತಿಹಳ್ಳಿಯ ಬಸದಿಗೆ ಕರೆದೊಯ್ದು, ಕಪ್ಪಗೆ ಮಿರುಗುವ ಕಂಬವೊಂದರ ಮುಂದೆ ನನ್ನನ್ನು ನಿಲ್ಲಿಸಿದ. "ಯಜಮಾನ್ರೇ, ಕನ್ನಡಿ ಇದ್ದಂಗೈತೆ. ಅಲ್ಲಾಡ್ದೆ ನೋಡ್ತಾ ಇರಿ." ಉಳಿದ ಹಿರಿಯರನ್ನು ಎಳನೀರಿಗೆಂದು ಹೊರಗೆ ಹೊರಡಿಸಿದ.

ಕಂಬದಲ್ಲಿ ಮೊದಲು ಕಂಡದ್ದು ಸೋರೆಕಾಯಿಯಂತೆ ಉದ್ದವಾದ ನನ್ನ ಮುಖ. ಅದರ ಹಿಂದೆ, ಬಾಗಿಲ ಬಳಿ, ಮಗಳು ಮತ್ತು ಹುಡುಗ. ಮಾತಾಡುತ್ತಿದ್ದರು! ಮೂಗು ತಾಗುವಷ್ಟು ಬಗ್ಗಿದೆ. ಮಗಳ ಕೈ ಮೇಲೆದ್ದಿತು. ಸಿಟ್ಟೇ? ಹುಡುಗ ತಲೆಯಾಡಿಸಿದ. ಬೇಡವೆಂದನೇ? ಕಂಬ ಎಲ್ಲವನ್ನೂ ಎಳೆದು ತೋರಿಸುತ್ತಿದ್ದರಿಂದ ನಗುವೋ ಅಳುವೋ ತಿಳಿಯಲಿಲ್ಲ.

"ಅಪ್ಪಾ, ಅದ್ರಲ್ಲಿ ನಿಮಗೆ ನಾವು ಕಂಡ್ರೆ ನಮಗೆ ನೀವೂ ಕಾಣ್ತೀರ."

"ನೋಡ್ಲಿ ಬಿಡಿ," ಎಂದ ಹುಡುಗ. "ವ್ಯಾನಲ್ಲಿ ಕೇಳೋದು ಇನ್ನೇನಾದ್ರೂ ಉಳಿದಿರ್ಬೇಕು."

ಮಗಳು ಬಸದಿಯೆಲ್ಲ ಮೊಳಗುವಂತೆ ನಕ್ಕಳು. "ನೀವು ಹೋಗಿ ಎಳನೀರು ಕುಡೀರಿ ಅಪ್ಪ. ಪಕ್ಕದ ಬಸದೀನ ನಾವಿಬ್ರೂ ನೋಡ್ಕೊಂಡು ಬರ್ತೀವಿ."

ಹೊರಗೆ ಬಂದು ಹೆಂಡತಿಗೆ ವರದಿ ಒಪ್ಪಿಸಿದೆ. ಅವಳ ಮುಖ ಅರಳಿತು. "ಇಬ್ರೂ ನಗ್ತಿದ್ರಾ?"

"ಹೂಂ ಕಣೇ. ಆದ್ರೆ ಆ ಬಸದಿ ಒಳಗೆ ಕತ್ತಲೆ ಅಂತೆ. ಟಾರ್ಚು ಕೊಟ್ಟು ಬರ್ಲಾ?"

ಅವಳು ನನ್ನ ಒಂದು ಕೈಗೆ ನನ್ನ ಎಳನೀರನ್ನೂ ಇನ್ನೊಂದಕ್ಕೆ ತನ್ನದನ್ನೂ ಹಿಡಿಸಿ, ಕಲ್ಲಿನ ಮೇಲೆ ಕೂರಿಸಿದಳು.