ದೊಡ್ಡಮ್ಮ ಕರೆಯುವುದನ್ನು ನಿಲ್ಲಿಸಿದ ವರ್ಷ

ದೊಡ್ಡಮ್ಮನ ಬಲ ಅಂಗೈ ಕಪ್ಪಗಿತ್ತು. ಎಡಗೈ ಎಲ್ಲರ ಕೈಯಂತೆಯೇ ಇತ್ತು, ಬಲಗೈ ಮಾತ್ರ ಮಣಿಕಟ್ಟಿನಿಂದ ಬೆರಳ ತುದಿಯವರೆಗೆ ಇದ್ದಿಲು. ಮೂವತ್ತು ವರ್ಷ ಊದುಬತ್ತಿ ಹೊಸೆದ ಕೈ ಅದು. ಸೀಗೆಪುಡಿ, ಸೋಪು, ಸೀಮೆಎಣ್ಣೆ, ಏನು ಹಾಕಿ ತಿಕ್ಕಿದರೂ ಬಣ್ಣ ಬಿಡುತ್ತಿರಲಿಲ್ಲ. ಮದುವೆ ಮನೆಯಲ್ಲಿ ಊಟಕ್ಕೆ ಕೂತರೆ ಪಕ್ಕದವರು ಆ ಕೈ ನೋಡಿ ತಮ್ಮ ಎಲೆಯನ್ನು ಸ್ವಲ್ಪ ಆಚೆ ಸರಿಸಿಕೊಳ್ಳುತ್ತಿದ್ದರು. ಅವಳು ಬಿಡುತ್ತಿದ್ದಳೇ? "ಅಂಟ್ಕೊಳ್ಳಲ್ಲ ಬನ್ರಮ್ಮ. ನಿಮ್ಮನೆ ದೇವ್ರ ಮುಂದೆ ಹಚ್ಚೋದು ಈ ಕೈಯಲ್ ಮಾಡಿದ್ದೇ" ಎಂದು ಸಾಲಿಗೆಲ್ಲ ಕೇಳಿಸುವಂತೆ ಹೇಳಿ, ಎರಡನೆಯ ಸಲ ಪಾಯಸ ಹಾಕಿಸಿಕೊಳ್ಳುತ್ತಿದ್ದಳು.

ನಮ್ಮಿಬ್ಬರ ನಡುವೆ ರಕ್ತಸಂಬಂಧವೇನೂ ಇರಲಿಲ್ಲ. ಲಗ್ಗೆರೆಯ ವಠಾರದಲ್ಲಿ ಎದುರುಬದುರು ಮನೆ, ಅಷ್ಟೇ. ಅಮ್ಮ ಬೆಳಿಗ್ಗೆ ಎಂಟಕ್ಕೆ ಪೀಣ್ಯದ ಗಾರ್ಮೆಂಟ್ಸ್‌ಗೆ ಹೊರಡುವಾಗ ನನ್ನನ್ನು ಅವಳ ಹೊಸ್ತಿಲಲ್ಲಿ ಕೂರಿಸಿ ಹೋಗುತ್ತಿದ್ದಳು. ದೊಡ್ಡಮ್ಮ ಅನ್ನು ಎಂದು ಕಲಿಸಿದವಳು ಅಮ್ಮನೇ. ಅಪ್ಪಿತಪ್ಪಿ "ನೀವು" ಅಂದರೆ ದೊಡ್ಡಮ್ಮನಿಗೆ ಸಿಟ್ಟು ಬರುತ್ತಿತ್ತು. "ನಾನೇನು ನಿಮ್ ಇಸ್ಕೂಲ್ ಟೀಚರ್ರಾ?" ಅನ್ನುತ್ತಿದ್ದಳು.

ಗಂಡ ಯಾವತ್ತೋ ಬಿಟ್ಟುಹೋಗಿದ್ದ. ಒಬ್ಬಳೇ ಮಗಳು, ನಾನು ಹುಟ್ಟುವ ಹಿಂದಿನ ವರ್ಷ, ಹನ್ನೊಂದನೆಯ ವಯಸ್ಸಿನಲ್ಲಿ ಜ್ವರ ಬಂದು ತೀರಿಕೊಂಡಿದ್ದಳು. ಆ ಹುಡುಗಿಯ ಲಂಗಗಳನ್ನು ಹಾಕಿಕೊಂಡು, ಅವಳ ಸ್ಲೇಟಿನಲ್ಲಿ ಬರೆದು ಬೆಳೆದವಳು ನಾನು. ಅವಳ ಹೆಸರನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಆ ಹೆಸರನ್ನು ನಾನು ಬಳಸಿದ್ದು ಸಾಕು.

ನಾನು ರ‍್ಯಾಪ್ ಮಾಡುತ್ತೇನೆ. ಎಲ್ಲಿ ಕಲಿತೆ ಎಂದು ಇಂಟರ್‌ವ್ಯೂಗಳಲ್ಲಿ ಕೇಳಿದಾಗ ಏನೇನೋ ದೊಡ್ಡ ದೊಡ್ಡ ಹೆಸರು ಹೇಳಿ ಜಂಬ ಕೊಚ್ಚಿದ್ದೇನೆ. ಸುಳ್ಳು. ಕಲಿತದ್ದು ಆ ಹೊಸ್ತಿಲಲ್ಲಿ. ದೊಡ್ಡಮ್ಮ ಹಲಗೆಯ ಮೇಲೆ ಕಡ್ಡಿ ಇಟ್ಟು, ಇದ್ದಿಲ ಪುಡಿ ಕಲಸಿದ ಮಸಾಲೆಯನ್ನು ಚಿಟಿಕೆ ಅಂಟಿಸಿ, ಅಂಗೈಯಿಂದ ಸರ್ರನೆ ಉರುಳಿಸಿ, ಪಕ್ಕಕ್ಕೆ ಟಕ್ ಎಂದು ಎಸೆಯುತ್ತಿದ್ದಳು. ಸರ್ ಟಕ್, ಸರ್ ಟಕ್. ಆ ಲಯ ಒಂದು ಕ್ಷಣವೂ ತಪ್ಪದಂತೆ ನಲ್ಲಿ ನೀರು ಕದ್ದವಳನ್ನೂ, ಮೋರಿಗೆ ಕಸ ಸುರಿದವನನ್ನೂ, ಮಸಾಲೆ ಕಮ್ಮಿ ತೂಗಿ ಕೊಟ್ಟ ಏಜೆಂಟನನ್ನೂ ಬೈಯುತ್ತಿದ್ದಳು. ಉಸಿರು ಎಲ್ಲಿ ತೆಗೆದುಕೊಳ್ಳುತ್ತಾಳೆಂದು ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ.

ನನ್ನ ಮೊದಲ ಆಲ್ಬಮ್ ತುಂಬ ಬೈಗುಳವೇ. ಬಸ್ಸಿನಲ್ಲಿ ಮೈಮೇಲೆ ಒರಗುವವರಿಗೆ, ಸ್ಟೇಜಿನಲ್ಲಿ ಮೈಕ್ ಕೊಡದ ಹುಡುಗರಿಗೆ, ಒಂಟಿ ಹೆಣ್ಣಿಗೆ ಮನೆ ಬಾಡಿಗೆ ಕೊಡುವುದಿಲ್ಲ ಎನ್ನುವವರಿಗೆ. ಜನ ಹುಚ್ಚೆದ್ದು ಕೇಳಿದರು. ವಿಜಯನಗರದ ಕಾಲೇಜು ಫೆಸ್ಟಿನಲ್ಲಿ ಹುಡುಗಿಯರು ನನ್ನ ಜೊತೆಗೇ ಬೈದರು. ದೊಡ್ಡಮ್ಮನಿಗೆ ಫೋನಿನಲ್ಲಿ ಕೇಳಿಸಿದಾಗ ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. "ಎಲ್ಲಾ ನಂದೇ ಬಾಯಿ. ನಿಂದೇನೈತೆ ಇದ್ರಲ್ಲಿ, ಕಳ್ಳಿ?"

ಎರಡನೆಯದರಲ್ಲಿ ಬೈಗುಳ ಬೇಡವೆಂದುಕೊಂಡೆ. ಒಂದೂವರೆ ವರ್ಷ ಕೂತು ನಮ್ಮ ವಠಾರದ ಬಗ್ಗೆ ಎಂಟು ಹಾಡು ಬರೆದೆ. ಕೊನೆಯದು ದೊಡ್ಡಮ್ಮನದು.

ಮಹಾಲಯ ಅಮಾವಾಸ್ಯೆಯ ದಿನ ನಮ್ಮ ಕಡೆ ತೀರಿಹೋದವರಿಗೆ ಎಡೆ ಇಡುತ್ತಾರೆ. ಬಾಳೆ ಎಲೆಯ ಮೇಲೆ ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ಪಕ್ಕದಲ್ಲಿ ಹೊಸ ಬಟ್ಟೆ ಇಟ್ಟು, ಬನ್ನಿ ಎಂದು ಕರೆದು, ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ನಿಲ್ಲುತ್ತೇವೆ. ಅವರು ಬಂದು ಉಂಡು ಹೋದ ಮೇಲೆ ಬಾಗಿಲು ತಟ್ಟಿ ಒಳಗೆ ಹೋಗುತ್ತೇವೆ. ದೊಡ್ಡಮ್ಮ ಮಗಳ ಎಡೆಗೆ ಅನ್ನ, ಕಾಳು ಸಾರು, ವಡೆಗಳ ಜೊತೆಗೆ ಒಂದು ಪ್ಲೇಟು ಗೋಬಿ ಮಂಚೂರಿ ಇಡುತ್ತಿದ್ದಳು. ಜ್ವರದಲ್ಲಿ ಮಲಗಿದ ಮಗು ಗೋಬಿ ಬೇಕೆಂದು ಹಟ ಹಿಡಿದಿತ್ತಂತೆ. ಜ್ವರ ಬಿಡಲಿ, ಕೊಡಿಸ್ತೀನಿ ಅಂದಿದ್ದಳಂತೆ ತಾಯಿ. ಜ್ವರ ಬಿಡಲೇ ಇಲ್ಲ. ಅದಕ್ಕೇ ಪ್ರತಿ ವರ್ಷ ಎಡೆಯ ಮುಂದೆ ಕೂತು, ಮಗಳ ಹೆಸರು ಹಿಡಿದು, ಅಳುತ್ತ ಕರೆಯುತ್ತಿದ್ದಳು: "ಗೋಬಿ ತಂದಿವ್ನಿ ಬಾರೇ ಕಂದಾ, ಆರೋಗ್ತದೆ ಬಾರೇ." ವಠಾರಕ್ಕೆ ವಠಾರವೇ ಆ ಹೊತ್ತು ಟಿವಿ ಆರಿಸುತ್ತಿತ್ತು.

ಅದನ್ನು ರೆಕಾರ್ಡ್ ಮಾಡಿಕೊಳ್ಳಲಾ ಎಂದು ಕೇಳಿದೆ. ಕದ್ದು ಮಾಡಲಿಲ್ಲ, ಅಷ್ಟು ಮಾತ್ರ ನನ್ನ ಪರವಾಗಿ ಹೇಳಿಕೊಳ್ಳಬಲ್ಲೆ. ದೊಡ್ಡಮ್ಮನ ಮುಖ ಅರಳಿತು. "ಮಾಡ್ಕೊಳ್ಳೇ. ಅವಳ್ ಹೆಸ್ರು ನಾನೊಬ್ಳೇ ಕೂಗಿ ಕೂಗಿ ಸಾಕಾಗದೆ. ನಾಕ್ ಜನದ್ ಕಿವಿಗ್ ಬೀಳ್ಲಿ" ಎಂದಳು.

ಗೋವಿಂದರಾಜನಗರದಲ್ಲಿ ಹಾರ್ಡ್‌ವೇರ್ ಅಂಗಡಿಯ ಮಹಡಿ ಮೇಲೆ ನಮ್ಮ ಸ್ಟುಡಿಯೋ. ಬೀಟ್ ಮಾಡುವ ಗೆಳೆಯ ಆ ದನಿಯನ್ನು ಎರಡು ಸಲ ಕೇಳಿ ಹೆಡ್‌ಫೋನ್ ತೆಗೆದಿಟ್ಟ. "ಇದಕ್ಕೇನೂ ಹಾಕದ್ ಬೇಡ ಮಗಾ. ಹಂಗೇ ಬಿಟ್ಬಿಡೋಣ" ಅಂದ.

"ಬೀಟ್ ಇಲ್ದಿದ್ರೆ ಯಾವನ್ ಕೇಳ್ತಾನೋ?" ಎಂದು ಅವನ ಮೇಲೇ ರೇಗಿದೆ. ಹಾಕಿಸಿದೆ. ಅಳುವಿನ ನಡುವೆ ಅವಳು ಉಸಿರಿಗಾಗಿ ನಿಲ್ಲುವ ಜಾಗಗಳನ್ನೆಲ್ಲ ಕತ್ತರಿಸಿ ತಾಳಕ್ಕೆ ಕೂರಿಸಿದವಳು ನಾನೇ.

ಆಲ್ಬಮ್ ಬಂತು. ಮೊದಲ ದಿನವೇ ಗೊತ್ತಾಯಿತು, ಬಿತ್ತು ಎಂದು. "ಅಕ್ಕ, ಬೈಗಳ ಎಲ್ಲಿ?" "ಇದೇನ್ ಗುರು, ಸೀರಿಯಲ್ ಟೈಟಲ್ ಸಾಂಗಾ?" "ಬೆಂಕಿ ಅಕ್ಕ ಬೂದಿ ಆದ್ಲು." ಯಾರೋ ಒಬ್ಬರು ಗಂಭೀರವಾಗಿ ಹೊಗಳಿ ಬರೆದರು. ಅದನ್ನು ಓದಿದವರು ನಾನು, ಬೀಟ್ ಗೆಳೆಯ, ಮತ್ತೆ ಬರೆದವರು ಇರಬೇಕು. ಫೆಸ್ಟ್‌ನವರು ಫೋನ್ ಮಾಡಿ, ಹಳೇದನ್ನೇ ಹಾಡ್ಬಿಡಿ ಮೇಡಂ ಅಂದರು. ಹತ್ತು ದಿನ ಊಟ ಸೇರಲಿಲ್ಲ.

ಹನ್ನೊಂದನೆಯ ದಿನ ಒಂದು ರೀಲ್ ಬಂತು. ಯಾರೋ ಹುಡುಗ ದೊಡ್ಡಮ್ಮನ ಆ ಒಂದು ಸಾಲನ್ನು ಮಾತ್ರ ಕತ್ತರಿಸಿ, ತಲೆಗೆ ಟವೆಲ್ ಹೊದ್ದು, ಗೋಬಿ ಪ್ಲೇಟು ಹಿಡಿದು, ತನ್ನ ಗೆಳೆಯನನ್ನು ಕರೆದು ಅಳುವ ನಾಟಕ ಮಾಡಿದ್ದ. ಜ್ವರದ ಮಾತು, ಸಾವಿನ ಮಾತು ನಾನು ಬರೆದ ಚರಣದಲ್ಲಿತ್ತು. ಆ ತುಂಡಿನಲ್ಲಿ ಇರಲಿಲ್ಲ.

ಆಮೇಲಿನದನ್ನು ಬರೆಯಲು ನಾಚಿಕೆಯಾಗುತ್ತದೆ. ನನಗೆ ಖುಷಿಯಾಯಿತು. ಅಂತೂ ಯಾವುದೋ ಒಂದು ಹಾಡು ಎದ್ದಿತಲ್ಲ ಎಂದು ನಗುವ ಮುಖ ಒಂದು ಅಂಟಿಸಿ ಆ ರೀಲನ್ನು ನನ್ನ ಪೇಜಿನಲ್ಲಿ ಹಾಕಿಕೊಂಡೆ. ನಾನೇ ನಕ್ಕ ಮೇಲೆ ಊರಿಗೇನು? ವಾರದೊಳಗೆ ಪರೀಕ್ಷೆ ಫೇಲಾದವರು, ಮ್ಯಾಚ್ ಸೋತವರು, ನಾಯಿಮರಿ ಸಾಕಿದವರು, ಎಲ್ಲರೂ ಸತ್ತ ಮಗುವಿನ ಹೆಸರನ್ನು ಕೂಗಿದರು. ದೊಡ್ಡಮ್ಮನ ಹತ್ತಿರ ಇದ್ದದ್ದು ಗುಂಡಿ ಒತ್ತುವ ಫೋನು. ಅವಳಿಗೆ ಗೊತ್ತಾಗುವುದಿಲ್ಲ ಎಂದು ಧೈರ್ಯ ತಂದುಕೊಂಡೆ.

ಆ ವರ್ಷದ ಅಮಾವಾಸ್ಯೆಯ ಸಂಜೆ ಇಬ್ಬರೂ ಗೋಬಿ ತರಲು ಹೋದೆವು. ಬಸ್‌ಸ್ಟಾಪಿನ ಹತ್ತಿರದ ಗಾಡಿ, ಅವಳು ವರ್ಷವರ್ಷವೂ ತರುತ್ತಿದ್ದದ್ದು. ದೂರದಿಂದಲೇ ಕೇಳಿಸಿತು. ಗಾಡಿಗೆ ಕಟ್ಟಿದ ಸ್ಪೀಕರಿನಲ್ಲಿ ಅವಳದೇ ದನಿ, ಕೆಳಗೆ ನನ್ನ ಬೀಟು. ಮುಗಿದ ಕೂಡಲೇ ಮತ್ತೆ ಮೊದಲಿನಿಂದ. ತಿನ್ನುತ್ತ ನಿಂತಿದ್ದ ಹುಡುಗಿಯರು ಜೊತೆಗೂಡಿ ಕೂಗಿ ನಗುತ್ತಿದ್ದರು. ನಾನು ದೊಡ್ಡಮ್ಮನ ತೋಳು ಹಿಡಿದೆ. ಅವಳು ಬಿಡಿಸಿಕೊಂಡು ಗಾಡಿಯ ಮುಂದೆ ಹೋಗಿ ನಿಂತಳು.

"ಚೆನ್ನಾಗಿದೆ ಅಲ್ವಾ ಆಂಟಿ? ಇದನ್ನ ಹಾಕಿದ್ಮೇಲೆ ಸಖತ್ ಯಾಪಾರ" ಎಂದ ಗಾಡಿಯವನು. ಪಾಪ, ಅವನಿಗೇನು ಗೊತ್ತು? ಸೌಟು ಆಡಿಸುತ್ತಲೇ ಕೇಳಿದ, "ಒಂದ್ ಪ್ಲೇಟಾ? ಪಾರ್ಸಲ್ಲಾ?"

"ಪಾರ್ಸಲ್ಲು" ಅಂದಳು ದೊಡ್ಡಮ್ಮ.

ಮನೆಗೆ ಬಂದು ಎಂದಿನಂತೆ ಎಲೆ ಹಾಸಿ, ಬಡಿಸಿ, ದೀಪ ಹಚ್ಚಿದಳು. ಎದುರಿಗೆ ಕೂತಳು. ವಠಾರದವರು ಟಿವಿ ಆರಿಸಿ ಕಾದರು. ಬಾಯಿ ತೆರೆದಳು, ಮುಚ್ಚಿದಳು. ಆಮೇಲೆ ಎದ್ದು ಬಂದು ಬಾಗಿಲು ಎಳೆದುಕೊಂಡಳು.

"ಕರೀಲಿಲ್ವಾ ದೊಡ್ಡಮ್ಮ?" ಎಂದೆ. ಕೇಳಬಾರದಿತ್ತು.

"ಹೆಂಗ್ ಕರೀಲೇ? ಬಾಯ್ ತೆಗುದ್ರೆ ಆ ಡಬ್ ಡಬ್ ಕೇಳುಸ್ತದೆ. ಆ ಹುಡ್ಗೀರು ನಕ್ಕಂಗ್ ನಾನೂ ಎಲ್ಲಿ ನಕ್‌ಬಿಡ್ತೀನೋ ಅಂತ ಭಯ ಆಯ್ತದೆ."

ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೈಗುಳದಲ್ಲೇ ಬೆಳೆದವಳು ನಾನು. ಅವಳು ಬೈಯಲಿಲ್ಲ. ಆ ದಿನದಿಂದ ಯಾರನ್ನೂ ಬೈಯಲಿಲ್ಲ, ನೀರು ಕದ್ದವಳನ್ನೂ. ಹಲಗೆಯ ಮುಂದೆ ಕೂತು ಸುಮ್ಮನೆ ಹೊಸೆಯುತ್ತಿದ್ದಳು.

ಹಾಡನ್ನು ತೆಗೆದುಹಾಕಿದೆ. ರೀಲ್ ಮಾಡಿದವರಿಗೆಲ್ಲ ಕೈಮುಗಿದು ಬರೆದೆ. ಕೆಲವರು ಪಾಪ ತೆಗೆದರು, ಕೆಲವರು ಅಕ್ಕಂಗೆ ಕೊಬ್ಬು ಅಂದರು. ಗಾಡಿಯವನಿಗೆ ವಿಷಯ ಹೇಳಿದಾಗ ಅವನು ಸೌಟು ಕೆಳಗಿಟ್ಟು, ಅಲ್ಲೇ ಸ್ಪೀಕರಿನ ವೈರು ಕಿತ್ತ. ಆದರೆ ಊರ ಬಾಯಲ್ಲಿ ಕೂತದ್ದನ್ನು ಯಾವ ವೈರು ಕಿತ್ತು ನಿಲ್ಲಿಸಲಿ?

ದೀಪಾವಳಿ ಕಳೆಯುತ್ತಲೇ ಅವಳ ಹಳೆಯ ಕೆಮ್ಮು ಜೋರಾಯಿತು. ಇಷ್ಟು ವರ್ಷದ ಇದ್ದಿಲ ಪುಡಿ ಎದೆಯಲ್ಲಿ ಕೂತಿದೆ ಎಂದರು ಡಾಕ್ಟರು. ಆಸ್ಪತ್ರೆಯಲ್ಲಿ ಒಂದು ಮಧ್ಯಾಹ್ನ ಆ ಕಪ್ಪು ಕೈ ಹಿಡಿದುಕೊಂಡು, ತಪ್ಪಾಯ್ತು ದೊಡ್ಡಮ್ಮ ಎಂದು ಅತ್ತೆ. ಹೋಗಲಿ ಬಿಡು ಎನ್ನುತ್ತಾಳೆಂಬ ಆಸೆ ಒಳಗೆ ಇತ್ತು.

"ತಪ್ಪಾಯ್ತು ಕಣೇ. ಹೌದು" ಅಂದಳು. ಸ್ವಲ್ಪ ಹೊತ್ತು ಉಸಿರು ಕೂಡಿಸಿಕೊಂಡಳು. "ನಾನ್ ಹೋದ್ಮೇಲೆ ಅವಳ್ನ ಕರಿಯಾಕೆ ಯಾರವ್ರೆ? ನೀನೇ ಕರೀಬೇಕು. ಹಾಡ್‌ಬ್ಯಾಡ. ಕರಿ."

ಮೂರನೆಯ ದಿನ ತೀರಿಕೊಂಡಳು. ಹೆಣದ ಮುಂದೆ ವಠಾರದ ಹೆಂಗಸರೆಲ್ಲ ಅವಳ ಗುಣ ಹೇಳಿಕೊಂಡು ಅತ್ತರು. ನನ್ನ ಬಾಯಿಂದ ಒಂದು ಶಬ್ದ ಹೊರಡಲಿಲ್ಲ.

ವರ್ಷ ತುಂಬುವವರೆಗೆ ಎಡೆ ಇಡುವಂತಿಲ್ಲ ಎಂದರು ಹಿರಿಯರು. ಹಾಗಾಗಿ ಒಂದು ಅಮಾವಾಸ್ಯೆ ಆ ಮಗುವನ್ನು ಕರೆಯುವವರೇ ಇಲ್ಲದೆ ಕಳೆದುಹೋಯಿತು. ಈ ವರ್ಷ ನಮ್ಮ ಮನೆಯಲ್ಲಿ ಎರಡು ಎಲೆ ಹಾಸಿದೆ. ಅಮ್ಮ ಕಾಳು ಸಾರು ಮಾಡಿದಳು. ಎದುರಿಗೆ ಕೂತು ಮಗುವಿನ ಹೆಸರು ಹಿಡಿದು ಕರೆದೆ. ದರಿದ್ರ ನಾಲಗೆ, ತಾಳಕ್ಕೇ ಬಂತು. ನಿಲ್ಲಿಸಿದೆ. ಮತ್ತೆ ಕರೆದೆ, ಮತ್ತೆ ತಾಳ. ನನ್ನ ಕೆನ್ನೆಗೆ ನಾನೇ ಹೊಡೆದುಕೊಂಡೆ. ಮೂರನೆಯ ಸಲ "ದೊಡ್ಡಮ್ಮಾ" ಎಂದದ್ದು ಅರ್ಧಕ್ಕೇ ಒಡೆಯಿತು. ಆಮೇಲೆ ಏನೇನು ಕೂಗಿದೆನೋ ತಿಳಿಯದು. ಎರಡು ವರ್ಷ ಗಂಟಲಲ್ಲಿ ಸಿಕ್ಕಿಕೊಂಡಿದ್ದದ್ದೆಲ್ಲ ಬಂತು. ಇಬ್ಬರನ್ನೂ ಕರೆದೆ.

ಬಾಗಿಲು ಎಳೆದುಕೊಂಡು ಹೊರಗೆ ನಿಂತೆವು. ಎಷ್ಟೋ ಹೊತ್ತಾದ ಮೇಲೆ ಅಮ್ಮ ಮೆಲ್ಲಗೆ ನನ್ನ ಬೆನ್ನು ಮುಟ್ಟಿದಳು. "ಸಾಕೇನೇ? ಬಾಗ್ಲು ತಟ್ಲಾ?"

"ಇನ್ನೊಂಚೂರು ಇರಮ್ಮ" ಎಂದೆ. "ತಾಯಿ ಮಗಳು ಒಟ್ಟಿಗೆ ಕೂತು ಉಂಡು ಎಷ್ಟು ವರ್ಷ ಆಯ್ತು."