ಅಕ್ಕನ ತಲೆಯ ಮೇಲಿನ ಸ್ಲ್ಯಾಬ್

ಮೊನ್ನೆ ಕರಜಗಿಗೆ ಕೆಲಸಕ್ಕೆ ಹೋಗಿದ್ದೆ. ಪಕ್ಕದ ಮನೆಯವರು ಸುಣ್ಣಕ್ಕೆ ನೀರು ಹೊಯ್ದಿದ್ದರು. ಅದು ಕುದಿಯುವಾಗ ಬರುವ ಘಾಟು ಮೂಗಿಗೆ ಹೊಡೆದದ್ದೇ, ಕರಣೆ ಕೆಳಗಿಟ್ಟು ದೂರ ಹೋಗಿ ಕುಳಿತೆ. ಅಕ್ಕ ನೆನಪಾಗಿದ್ದಳು...

ನಾನು ಗೌಂಡಿ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟು ಸಿಮೆಂಟು ಕಲಸಲು ಹೋದವನು. ಅಕ್ಕ ಮೊದಲು ನೆಲೋಗಿಯ ಮಾಳಿಗೆ ಮನೆಯಲ್ಲಿದ್ದಳು. ಸೂರಿನ ಮೇಲೆ ಮೊಳದಷ್ಟು ದಪ್ಪ ಮಣ್ಣು, ಒಳಗೆ ಕಡು ಬೇಸಿಗೆಯಲ್ಲೂ ತಂಪು. ಗಂಡ ತೀರಿದ ಮೇಲೆ ಜೇವರ್ಗಿಗೆ ಬಂದಳು. ಖಡಕ್ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುತ್ತಿದ್ದಳು. ಅಲ್ಲಿ ಅವಳ ಎರಡು ಕೋಣೆಯ ಮನೆ ಕಟ್ಟಿದವನು ನಾನೇ.

ಮನೆ ಕಟ್ಟುವ ನಿಯಮ ಆಗಷ್ಟೇ ಬದಲಾಗಿತ್ತು. ಬಿಸಿಲು ಒಳಗಿಳಿಯಬಾರದು, ಕರೆಂಟು ಉಳಿಯಬೇಕು. ಅದಕ್ಕೆ ಸ್ಲ್ಯಾಬಿನ ಮೇಲೆ ಇಟ್ಟಿಗೆ ಚೂರಿನ ಗಾರೆ, ಅದರ ಮೇಲೆ ಬಿಳಿ ಟೈಲ್ಸ್ ಹಾಕಬೇಕು ಎಂದು ಪುರಸಭೆಯವರು ನಕ್ಷೆಯ ಜೊತೆಗೇ ಬರೆದುಕೊಟ್ಟಿದ್ದರು.

"ಕಾಗದದಾಗ ಬರದಿದ್ದು ಹಾಕಿಬಿಡು ತಮ್ಮಾ. ನಾ ದಿನಾ ಒಲಿ ಮುಂದ ಕುಂದ್ರಾಕಿ."

"ಅದನ್ನ ಬರದವ್ರು ಎಸಿ ರೂಮಿನ್ಯಾಗ ಕುಂತು ಬರದಾರ. ನನ್ನ ಸ್ಲ್ಯಾಬಿಗೆ ಟೊಪ್ಪಿಗಿ ಬ್ಯಾಡ."

"ಹಂಗಾರ ನಿನ್ನ ತಲಿ ಮ್ಯಾಲಿನ ಟಾವೆಲ್ ತಗದು ಬಿಸಲಾಗ ನಿಂದ್ರು, ನೋಡೂಣು!" ಅಂದು ನಕ್ಕಳು.

ನಿಜ ಏನೆಂದರೆ ಗಾಣಗಾಪುರದ ಒಂದು ಲಾಡ್ಜಿನ ಕೆಲಸ ನನಗಾಗಿ ಕಾಯುತ್ತಿತ್ತು. ಬೇಗ ಬರದಿದ್ದರೆ ಬೇರೆ ಗೌಂಡಿಯನ್ನು ಕರೆಯುತ್ತೇನೆ ಅಂದಿದ್ದ ಮಾಲೀಕ. ನಾನು ಅಕ್ಕನ ಸ್ಲ್ಯಾಬಿಗೆ ಒಂದು ಕೈ ಸುಣ್ಣ ಬಳಿದೆ. ಟೈಲ್ಸಿನಂತೆ ಕಾಣಲೆಂದು ಹಸಿ ಸುಣ್ಣದಲ್ಲಿ ದಾರ ಎಳೆದು ಗೆರೆ ಮೂಡಿಸಿದೆ. ದೂರದಿಂದ ಫೋಟೋ ತೆಗೆದೆ.

ತಪಾಸಣೆಗೆ ಬಂದ ಪುರಸಭೆಯ ಎಂಜಿನಿಯರ್ ಫೋಟೋ ನೋಡಿದರು, ನನ್ನ ಮುಖ ನೋಡಿದರು. ಫೋನು ತಿರುಗಿ ಕೊಟ್ಟು ಏಣಿಯ ಮೇಲೆ ಒಂದು ಕಾಲಿಟ್ಟರು. ಅಲ್ಲಿಂದಲೇ ಅಕ್ಕನ ಕಡೆ ತಿರುಗಿದರು.

"ಅಕ್ಕಾರ, ನೀವರ ಖರೇ ಹೇಳ್ರಿ. ಟೈಲ್ಸ್ ಹಾಕ್ಯಾರೇನು?"

ಅಕ್ಕನ ಕೈಗೆ ಹಿಟ್ಟು ಮೆತ್ತಿತ್ತು. ಅವಳು ನನ್ನನ್ನು ನೋಡಿದಳು.

"ಹಾಕ್ಯಾನ್ರಿ. ನಮ್ಮ ತಮ್ಮ ನನಗ್ಯಾಕ ಮೋಸ ಮಾಡ್ತಾನ್ರಿ?"

ಅವರು ಕಾಲು ಕೆಳಗಿಳಿಸಿ ಸಹಿ ಹಾಕಿದರು. ಅವರು ಹೋದ ಮೇಲೆ ಅಕ್ಕ ಇಷ್ಟೇ ಅಂದಳು: "ಬ್ಯಾಸಗಿ ಬರೂದ್ರೊಳಗ ಹಾಕಿಕೊಡು."

ಬೇಸಿಗೆ ಬಂತು. ನಾನು ಗಾಣಗಾಪುರದಲ್ಲಿದ್ದೆ. ಆ ಲಾಡ್ಜಿನ ಸ್ಲ್ಯಾಬಿಗೆ ಗಾರೆ ಹಾಕಿ, ಬಿಳಿ ಟೈಲ್ಸನ್ನು ಒಂದೊಂದಾಗಿ ಸಂದು ಬಿಡದಂತೆ ಕೂರಿಸಿದೆ. ಮಾಲೀಕ ಎದುರಿಗೇ ನಿಂತಿರುತ್ತಿದ್ದ. ಅಕ್ಕ ಫೋನು ಮಾಡುತ್ತಿದ್ದಳು.

"ಕೆಳಗ ಒಂದು ಹಂಚು, ತಲಿ ಮ್ಯಾಲ ಒಂದು ಹಂಚು. ನಡುವ ನಾನೂ ಬೇಯಾಕತ್ತೇನಿ ನೋಡಪಾ."

"ಫ್ಯಾನ್ ಹಾಕ್ಕೋ ಅಕ್ಕಾ. ಮುಂದಿನ ವಾರ ಬರ್ತೇನಿ."

ಮೂರು ಸಲ ಹಾಗೆ ಹೇಳಿದೆ. ನಾಲ್ಕನೇ ಸಲ ಫೋನು ಮಾಡಿದ್ದು ಅಕ್ಕನ ಪಕ್ಕದ ಮನೆಯವರು. ಅಕ್ಕ ಮಧ್ಯಾಹ್ನ ಒಲೆಯ ಮುಂದೆಯೇ ಬಿದ್ದಿದ್ದಳಂತೆ. ನಾನು ಆಸ್ಪತ್ರೆ ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು. ಮೈಗೆ ಬಿಸಿಲಿನ ತಾಪ ಏರಿತ್ತು ಅಂದರು ಡಾಕ್ಟರು. ಮನೆಯೊಳಗಿದ್ದವಳಿಗೆ ಬಿಸಿಲು ಎಲ್ಲಿಂದ ಬಂತು ಎಂದು ಯಾರೂ ಕೇಳಲಿಲ್ಲ.

ದಿನಕರ್ಮ ಮುಗಿದ ಮರುದಿನವೇ ಟೈಲ್ಸ್ ಹಾಕಿದೆ. ಈಗ ಆ ಮನೆಯಲ್ಲಿ ಅವಳ ಮಗಳಿದ್ದಾಳೆ. ಎಂಜಿನಿಯರ್ ಬಂದ ದಿನ ಅವಳು ಕಲಬುರಗಿಯ ಕಾಲೇಜಿನಲ್ಲಿದ್ದಳು; ಅವಳಿಗೆ ಏನೂ ಗೊತ್ತಿಲ್ಲ. ಕರಜಗಿಯಿಂದ ಬರುವಾಗ ಅವಳ ಮನೆಗೆ ಹೋದೆ. ಹೊರಗೆ ಬೆಂಕಿಯಂಥ ಬಿಸಿಲು, ಒಳಗೆ ತಂಪು. ನೀರು ಕೊಟ್ಟು ಕೇಳಿದಳು:

"ಎಷ್ಟು ತಂಪೈತಿ ನೋಡ್ರಿ ಮಾಮಾ. ಅವ್ವ ಇದ್ದಾಗ ಯಾಕ ಹಾಕಲಿಲ್ರಿ ಇದನ್ನ?"

"ಆಗ ಈ ನಿಯಮ ಇರಲಿಲ್ಲವ್ವಾ," ಅಂದೆ.

ಅವಳು ನಂಬಿದಳು. ಎದುರಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. ಅವಳು ಓದಿದವಳು, ಇದನ್ನೂ ಓದಲಿ ಎಂದೇ ಬರೆದಿದ್ದೇನೆ.