ಮುಳ್ಳುಗರಿಯ ಮರಿ

ಪಂದ್ಯದ ಹಕ್ಕಿಗಳ ನಾಲ್ಕು ತಲೆಮಾರನ್ನು ಬಾಯಿಪಾಠ ಒಪ್ಪಿಸುವ ಪಕ್ಕದ ಮನೆಯ ಪಾರಿವಾಳದ ಮಾವ, ಸ್ವಂತ ಮಕ್ಕಳ ವಯಸ್ಸು ಕೇಳಿದರೆ ಅತ್ತೆಯ ಮುಖ ನೋಡುತ್ತಾರೆ. ಯಾರು ಬಂದರೂ ಮೊದಲು ಒಂದು ಹಕ್ಕಿಯ ರೆಕ್ಕೆ ಬಿಡಿಸಿ ತೋರಿಸಬೇಕು, ಕಾಫಿ ಆಮೇಲೆ. ಗೆದ್ದ ಹಕ್ಕಿಗಳಿಗೆಲ್ಲ ಗೂಡು. ಗರಿ ಬಿಚ್ಚದೆ ಮುಳ್ಳಿನಂತೆ ನಿಂತು ಹಾರಲಾರದೆ ಉಳಿದ ಮರಿಗೆ ಮಾತ್ರ ಮಾವನ ಹೆಗಲು. "ಇದರ ತಾಯಿನೇ ಸರಿಯಿಲ್ಲ ಬಿಡಿ" ಎಂದವರ ಗ್ರಹಚಾರ ಬಿಡಿಸುತ್ತಾರೆ: "ತಾಯಿ ಒಬ್ಳೇ ಏನ್ರೀ ಮಾಡ್ತಾಳೆ? ಅಪ್ಪನ ರಕ್ತದಲ್ಲೂ ಅಡಗಿದ್ರೇನೇ ಇಂಥದ್ದು ಹುಟ್ಟೋದು!" ನಾನು ಬಿಳಿ ಕೂದಲು, ಬಿಳಿ ರೆಪ್ಪೆ ಹೊತ್ತು ಹುಟ್ಟಿದಾಗ, "ನಿನ್ನ ತವರಿನ ದೋಷ" ಎಂದು ಅಮ್ಮನನ್ನು ಹಂಗಿಸುತ್ತಿದ್ದ ಅಜ್ಜಿಯ ಮಡಿಲಿಗೆ ಇಂಥದೇ ಒಂದು ಮರಿಯನ್ನಿಟ್ಟು ಮಾವ ಇದೇ ಮಾತು ಹೇಳಿದ್ದರಂತೆ. ಅಜ್ಜಿ ನನ್ನನ್ನು ಮೊದಲ ಸಲ ಎತ್ತಿಕೊಂಡದ್ದು ಅಂದೇ.